ಕಾರವಾರದ ಮತ: ಇಳಿಸುವ ಅಧಿಕಾರವೂ ಕೇಳುವ ಹೊಣೆಯೂ

(ಕೋಡಿಬಾಗದಲ್ಲಿ ಹೊಸ ಮತದಾರರ ಸಭೆಯಲ್ಲಿ ಮಾಡಿದ ಭಾಷಣ)



ಕಾಳಿ ನದಿಯು ಸಮುದ್ರವನ್ನು ಕೂಡುವ ಈ ಸ್ಥಳದಲ್ಲಿ ನಿಂತು ನಾಲ್ಕು ಮಾತು ಆಡಬೇಕೆಂದು ನೀವು ಕರೆದಿರಿ, ಸಂತೋಷದಿಂದ ಬಂದಿದ್ದೇನೆ. ಎದುರು ದಂಡೆಗೆ ಸದಾಶಿವಗಡ, ಈ ದಂಡೆಗೆ ನಮ್ಮ ಕೋಡಿಬಾಗ. ಸೇತುವೆ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ತಾರಿಯ ದೋಣಿಗಾಗಿ ಕಾದು ಕುಳಿತು ಈ ಹೊಳೆಯನ್ನು ದಾಟುತ್ತಿದ್ದರು. ಮುಂದೆ ಸೇತುವೆ ಬಂದಿತು. ನಾಲ್ಕು ದಶಕಗಳ ವರೆಗೆ ಗೋವೆಯ ದಾರಿಯ ಗಾಡಿಗಳು ಅದರ ಮೇಲೆ ಓಡಾಡಿದವು. 2024ನೆಯ ಇಸವಿಯ ಅಗಸ್ಟ 7ರಂದು, ಊರೆಲ್ಲ ಮಲಗಿದ ನಡುರಾತ್ರಿಯ ಹೊತ್ತಿನಲ್ಲಿ, ಆ ಹಳೆಯ ಸೇತುವೆ ಕುಸಿದು ನದಿಗೆ ಬಿದ್ದಿತು. ಅದರೊಡನೆ ಒಂದು ಲಾರಿಯೂ ಬಿದ್ದಿತು. ಚಾಲಕನು ಬದುಕಿ ಉಳಿದದ್ದು ನಮ್ಮ ಪುಣ್ಯವು.

ಮರುದಿನ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: ಈ ಸೇತುವೆಯನ್ನು ಯಾರು, ಯಾವಾಗ ಪರೀಕ್ಷಿಸಿದ್ದರು? ಯೋಗ್ಯವಾದ ಪ್ರಶ್ನೆಯೇ ಸರಿ. ಆದರೆ ಅದಕ್ಕೂ ಹದಿನೈದು ತಿಂಗಳ ಹಿಂದೆ, 2023ರ ಮೇ ತಿಂಗಳಲ್ಲಿ, ಉಮೇದುವಾರರೆಲ್ಲ ಕೈ ಮುಗಿದುಕೊಂಡು ನಮ್ಮ ಅಂಗಳಕ್ಕೆ ಬಂದಿದ್ದರಲ್ಲವೇ? ಆಗ ಈ ಪ್ರಶ್ನೆಯನ್ನು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಅನ್ಯರನ್ನು ದೂರುವದಕ್ಕಿಂತ ಮೊದಲು ನನ್ನ ಮಾತನ್ನೇ ಹೇಳಿಬಿಡುತ್ತೇನೆ: ನಾನು ಕೇಳಲಿಲ್ಲ.

ಇಂದು ನಾನು ಹೇಳಬೇಕೆಂದಿರುವ ಮಾತೆಲ್ಲವೂ ಇದರಲ್ಲಿಯೇ ಅಡಗಿರುವದು. ಕಾರವಾರ ವಿಧಾನಸಭಾ ಕ್ಷೇತ್ರದ ಮತದಾರನು ತನ್ನ ಪ್ರತಿನಿಧಿಯನ್ನು ಗದ್ದುಗೆಯಿಂದ ಇಳಿಸುವ ವಿದ್ಯೆಯನ್ನು ಚೆನ್ನಾಗಿ ಬಲ್ಲನು. ಅವನನ್ನು ಕೇಳುವ ವಿದ್ಯೆಯನ್ನು ಇನ್ನೂ ಕಲಿಯಬೇಕಾಗಿದೆ. ಈ ಮಾತು ನಿಜವೋ ಅಲ್ಲವೋ ಎಂಬುದನ್ನು ನಮ್ಮ ಕ್ಷೇತ್ರದ ಇತಿಹಾಸದಿಂದಲೇ ನೋಡೋಣ.

ಮತವಿಲ್ಲದ ಕಾಲ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ತರುವಾಯ ಈ ಕರಾವಳಿಯು ಇಂಗ್ಲಿಷರ ಕೈಗೆ ಹೋಯಿತು. ಮೊದಲು ಮದ್ರಾಸ ಇಲಾಖೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಕಡಿದು ಮುಂಬಯಿ ಇಲಾಖೆಗೆ ಜೋಡಿಸಿದರು. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಒಂದೇ ಸಮುದ್ರದ ಒಂದೇ ದಂಡೆಯ ಜನರು ಎರಡು ರಾಜಧಾನಿಗಳಿಗೆ ಅಹವಾಲು ಬರೆಯುವಂತಾಯಿತು. ಈ ವಿಭಾಗಣೆಯ ವಿಷಯವಾಗಿ ನಮ್ಮ ಜನರ ಅಭಿಪ್ರಾಯವೇನೆಂದು ಯಾರೂ ಕೇಳಲಿಲ್ಲ; ಕೇಳುವ ಪದ್ಧತಿಯೇ ಆಗ ಇರಲಿಲ್ಲ.

ಕಾಯದೆ ಕೌನ್ಸಿಲುಗಳು ಬಂದ ಮೇಲೆಯೂ ಮತವು ಎಲ್ಲರ ಸೊತ್ತಾಗಲಿಲ್ಲ. 1935ರ ಕಾಯದೆಯ ಮೇರೆಗೆ 1937ರಲ್ಲಿ ಪ್ರಾಂತಗಳ ಚುನಾವಣೆಗಳು ನಡೆದಾಗ ಇಡೀ ಬ್ರಿಟಿಷ ಹಿಂದುಸ್ಥಾನದಲ್ಲಿ ಮತದಾರರೆನಿಸಿಕೊಂಡವರು ಸುಮಾರು ಮೂರು ಕೋಟಿ ಜನ ಮಾತ್ರ. ಭೂಕಂದಾಯ ಎಷ್ಟು ಕೊಡುತ್ತಿ, ಮನೆಯ ಬಾಡಿಗೆ ಎಷ್ಟು, ಶಾಲೆ ಎಷ್ಟು ಕಲಿತಿರುವಿ ಎಂದು ಅಳೆದು ನೋಡಿ ಮತ ಕೊಡುವ ಕಾಲವದು. ಗೇಣಿಯ ಒಕ್ಕಲಿಗ, ಬಲೆ ಎಳೆಯುವ ಖಾರ್ವಿ, ಅವರ ಮನೆಯ ಹೆಂಗಸರು, ಇವರಲ್ಲಿ ಹೆಚ್ಚಿನವರು ಆ ಯಾದಿಯ ಹೊರಗೇ ಉಳಿದರು.

ಹಾಗಿದ್ದರೂ ರಾಜಕಾರಣದಲ್ಲಿ ಈ ಸೀಮೆಯ ಜನರು ಹಿಂದೆ ಬಿದ್ದವರಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆದು ರೈತರ ಹೊಲ, ಮನೆ, ದನಕರು, ಅಡಿಗೆಯ ಪಾತ್ರೆಗಳು ಕೂಡ ಜಪ್ತಿಯಾದವು. ಗುಜರಾಥದಲ್ಲಿ ಬಾರ್ಡೋಲಿ ಹೇಗೋ ಕರ್ನಾಟಕದಲ್ಲಿ ಅಂಕೋಲೆ ಹಾಗೆಂದು ಜನರು ಕೊಂಡಾಡಿದರು. ಆ ಹೋರಾಟದಲ್ಲಿ ಮನೆಮಠ ಕಳೆದುಕೊಂಡವರಲ್ಲಿ, ಸೆರೆಗೆ ಹೋದವರಲ್ಲಿ, ಅವರ ಹಿಂದೆ ಸಂಸಾರವನ್ನು ಹೊತ್ತು ನಿಂತ ಹೆಂಗಸರಲ್ಲಿ, ಒಮ್ಮೆಯೂ ಮತ ಹಾಕದವರೇ ಬಹಳ ಜನ. ತರುಣರೇ, ನಿಮ್ಮ ಕೈಗೆ ಇಂದು ಬಂದಿರುವ ಮತವು ಅಂಚೆಯ ಮೂಲಕ ಬಂದ ಚೀಟಿಯಲ್ಲ. ಮತವಿಲ್ಲದವರು ಗಳಿಸಿ ಇಟ್ಟುಹೋದ ಆಸ್ತಿಯು.

ಒಂದೇ ಮತ, ಎರಡು ರಾಜಧಾನಿಗಳು

ಸ್ವಾತಂತ್ರ್ಯ ಬಂದ ತರುವಾಯ ಮೊದಲನೆಯ ಮಹಾಚುನಾವಣೆಯು 1951–52ರಲ್ಲಿ ನಡೆಯಿತು. ಇಪ್ಪತ್ತೊಂದು ವರ್ಷ ತುಂಬಿದವರಿಗೆಲ್ಲ ಮತ. ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಓದಲು ಬಾರದವನೂ ಚಿತ್ರ ನೋಡಿ ಚೀಟಿ ಹಾಕಬಹುದಾಗಿತ್ತು. ಆಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರುಗಳನ್ನು ಯಾದಿಯಿಂದ ತೆಗೆಯಬೇಕಾಯಿತಂತೆ. ಕಾರಣವೇನು? ಅವರು ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದ್ದರು. ಅಂಥ ಸ್ಥಿತಿಯಿಂದ ನಾವು ಇಲ್ಲಿಗೆ ಬಂದು ಮುಟ್ಟಿದ್ದೇವೆ. ಇದು ಸಣ್ಣ ಪ್ರಯಾಣವಲ್ಲ.

ಆದರೆ ಆ ಚುನಾವಣೆಯಲ್ಲಿ ಕಾರವಾರದವರು ಆರಿಸಿದ್ದು ಮುಂಬಯಿ ವಿಧಾನಸಭೆಗೆ. ನಮ್ಮ ಪ್ರತಿನಿಧಿಯು ಮಾತನಾಡಬೇಕಾದದ್ದು ಮರಾಠಿ, ಗುಜರಾಥಿ ಪ್ರಾಂತಗಳ ದೊಡ್ಡ ಸಂಖ್ಯೆಯ ನಡುವೆ. ಅಲ್ಲಿ ಕನ್ನಡ ಜಿಲ್ಲೆಗಳದು ಮೂಲೆಯ ಬೆಂಚು. ಏಕೀಕರಣದ ಕೂಗು ಇಂಥ ಮೂಲೆಗಳಿಂದಲೇ ಬಲಗೊಂಡಿತು. 1956ರ ನವೆಂಬರ 1ರಂದು ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ ಚಂದಗಡವನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯೂ ಮೈಸೂರು ರಾಜ್ಯಕ್ಕೆ ಸೇರಿದವು. ಆಗ ಒಂದು ವಿಶೇಷ ಸಂಗತಿ ನಡೆಯಿತು. ಹೊಸ ಚುನಾವಣೆ ನಡೆಯದೆಯೇ, ಮುಂಬಯಿ ವಿಧಾನಸಭೆಯಲ್ಲಿದ್ದ ಈ ಜಿಲ್ಲೆಗಳ ಸಭಾಸದರು ಕಾಯದೆಯ ಬಲದಿಂದ ಮೈಸೂರು ವಿಧಾನಸಭೆಯ ಸಭಾಸದರಾದರು. ಮತದಾರನು ಒಮ್ಮೆ ಹಾಕಿದ ಮತವು ಮೊದಲು ಮುಂಬಯಿಗೆ ಹೋಗಿ ಕುಳಿತು, ಆ ಬಳಿಕ ಬೆಂಗಳೂರಿಗೆ ಬಂದಿತು.

ಕಾರವಾರವು ಕರ್ನಾಟಕಕ್ಕೆ ಸೇರಿದ್ದನ್ನು ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದರೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಇಲ್ಲಿನ ಬಹುಜನರ ಮನೆಮಾತು ಕೊಂಕಣಿ. ಈ ಆಧಾರದ ಮೇಲೆ ಕಾರವಾರ, ಸೂಪೆ, ಹಳಿಯಾಳಗಳ ಪ್ರದೇಶವು ತಮಗೆ ಬರಬೇಕೆಂದು ಮಹಾರಾಷ್ಟ್ರದವರು ವಾದಿಸಿದರು. 1966ರ ಅಕ್ಟೋಬರದಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನು ಒಪ್ಪಿಸಿತು. ಕಾರವಾರವು ಮೈಸೂರಿನಲ್ಲಿಯೇ ಇರತಕ್ಕದ್ದೆಂಬುದು ಅದರ ಅಭಿಪ್ರಾಯವಾಯಿತು. ಅದೇ 1967ರ ಜನವರಿ 16ರಂದು ನೆರೆಯ ಗೋವೆಯಲ್ಲಿ ಜನಮತ ನಡೆದು, ಅಲ್ಲಿನ ಕೊಂಕಣಿಗರು ಮಹಾರಾಷ್ಟ್ರದೊಳಗೆ ಕರಗಲಾರೆವೆಂದು ತೀರ್ಪಿತ್ತರು. 2004ರಲ್ಲಿ ಮಹಾರಾಷ್ಟ್ರವು ಗಡಿಯ ವಾದವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು.

ನನ್ನ ಅಭಿಪ್ರಾಯವನ್ನು ಕೇಳುವಿರಾದರೆ ಹೀಗೆ ಹೇಳುವೆನು: ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಇವೆರಡನ್ನೂ ನಾಲಗೆಯ ಮೇಲೆ ಹೊತ್ತು ಬೆಳೆದ ಜನ ನಾವು. ಇದರಲ್ಲಿ ಕುಂದೇನೂ ಇಲ್ಲ. ಆದರೆ ಕರ್ನಾಟಕದೊಳಗೆ ಇದ್ದೇವೆಂಬ ಮಾತಿಗೆ ನಕಾಶೆಯ ಗೆರೆಯೊಂದೇ ಸಾಕ್ಷಿಯಾದರೆ ಸಾಲದು. ಬೆಂಗಳೂರು ಇಲ್ಲಿಗೆ 500 ಕಿಲೋಮೀಟರಿಗೂ ದೂರ. ಪಣಜಿ ಸುಮಾರು 100 ಕಿಲೋಮೀಟರು. ಕಾಯಿಲೆ ಬಿದ್ದವನನ್ನು ಅವಸರವಾಗಿ ಒಯ್ಯಬೇಕಾದಾಗ ನಮ್ಮ ಗಾಡಿ ಯಾವ ದಿಕ್ಕಿಗೆ ತಿರುಗುವದೆಂಬುದನ್ನು ನೀವೆಲ್ಲ ಬಲ್ಲಿರಿ. ಆ ದೂರವನ್ನು ಕಡಿಮೆ ಮಾಡುವ ಸಾಧನವೇ 224 ಜನರ ಸಭೆಯಲ್ಲಿ ನಮಗಿರುವ ಒಂದು ಸ್ಥಾನ. ಗಡಿಯ ಜನರಿಗೆ ಆ ಒಂದು ಸ್ಥಾನದ ಬೆಲೆ ಒಳನಾಡಿನವರಿಗಿಂತ ಹೆಚ್ಚು.

ಯಾರ ಸ್ವತ್ತೂ ಅಲ್ಲದ ಕ್ಷೇತ್ರ

ಇನ್ನು ನಮ್ಮ ಮತದಾರನ ಸ್ವಭಾವವನ್ನು ನೋಡಿರಿ. 1967ರ ಲೋಕಸಭಾ ಚುನಾವಣೆಯಲ್ಲಿ ಈ ಜಿಲ್ಲೆಯು ದಿನಕರ ದೇಸಾಯಿಯವರನ್ನು ಸ್ವತಂತ್ರ ಉಮೇದುವಾರರಾಗಿ ಆರಿಸಿ ಕಳುಹಿಸಿತು. ಅದಕ್ಕೂ ಮೊದಲು ಮೂರು ಅವಧಿಗಳ ವರೆಗೆ ಕಾಂಗ್ರೆಸ್ಸಿನ ಜೋಕಿಮ್ ಆಳ್ವಾ ಅವರು ಈ ಸ್ಥಾನದಲ್ಲಿದ್ದರು. ದೇಸಾಯಿಯವರು ಅಂಕೋಲೆ ತಾಲೂಕಿನ ಅಲಗೇರಿಯವರು. ಒಕ್ಕಲುಗಳ ಪರವಾಗಿ ಚಳವಳಿ ನಡೆಯಿಸಿದ್ದಕ್ಕಾಗಿ 1940ರಲ್ಲಿ ಸರಕಾರವು ಅವರನ್ನು ತಮ್ಮ ಸ್ವಂತ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್ಫೇರ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಹಳ್ಳಿಗೆ ಶಾಲೆ ತಂದರು. ಹಿಂದೆ ಪಕ್ಷವಿಲ್ಲ, ಗಂಟಿನ ಬಲವಿಲ್ಲ. ಮಾಡಿದ ಕೆಲಸವೊಂದೇ ಬಂಡವಾಳ. ಅದನ್ನು ಗುರುತಿಸುವ ಕಣ್ಣು ಈ ಜಿಲ್ಲೆಯ ಮತದಾರನಿಗೆ ಇತ್ತು.

ವಿಧಾನಸಭೆಯ ಸ್ಥಾನದ ಕಥೆಯೂ ಹಾಗೆಯೇ ಏರಿಳಿತದ್ದು. ಏಕೀಕರಣದ ನಂತರದ ಕಾಲದಲ್ಲಿ ಕಾರವಾರದ ರಾಜಕಾರಣದಲ್ಲಿ ಎದ್ದು ಕಂಡ ಹೆಸರು ಬಿ. ಪಿ. ಕದಂ ಅವರದು, 1977ರಲ್ಲಿ ಅವರು ಕಾಂಗ್ರೆಸ್ಸಿನಿಂದ ಲೋಕಸಭೆಗೂ ಹೋದರು. 1980ರ ದಶಕದಲ್ಲಿ ಪ್ರಭಾಕರ ರಾಣೆಯವರು ಶಾಸಕರಾಗಿದ್ದರು. 1994 ಮತ್ತು 1999ರಲ್ಲಿ ವಸಂತ ಅಸ್ನೋಟಿಕರ ಅವರು ಆರಿಸಿ ಬಂದರು. 2000ನೆಯ ಇಸವಿಯ ಫೆಬ್ರುವರಿಯಲ್ಲಿ, ಶಾಸಕರಾಗಿರುವಾಗಲೇ, ಇದೇ ಕಾರವಾರದಲ್ಲಿ ಅವರು ಗುಂಡಿಗೆ ಬಲಿಯಾದರು. ಜನರು ಮತಕೊಟ್ಟು ಕಳುಹಿಸಿದ ಪ್ರತಿನಿಧಿಯನ್ನು ಗುಂಡು ಹಾರಿಸಿ ತೆಗೆದದ್ದು ನಮ್ಮ ಕ್ಷೇತ್ರದ ಚರಿತ್ರೆಯಲ್ಲಿ ಮಾಸದ ಕಲೆಯು. ಅದರ ತರುವಾಯ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿ ಶುಭಲತಾ ಅಸ್ನೋಟಿಕರ ಅವರು ಗೆದ್ದರು.

2004ರಲ್ಲಿ ಭಾರತೀಯ ಜನತಾ ಪಕ್ಷದ ಗಂಗಾಧರ ಭಟ್ಟರು ಬಂದರು. 2008ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿನ ಆನಂದ ಅಸ್ನೋಟಿಕರ ಅವರು ಗೆದ್ದರು. ಆ ಹೊತ್ತಿಗೆ ಕ್ಷೇತ್ರಗಳ ಮೇರೆಗಳು ಬದಲಾಗಿದ್ದವು. ವಿಶ್ವೇಶ್ವರ ಹೆಗಡೆ ಕಾಗೇರಿಯವರು 1994ರಿಂದ ಪ್ರತಿನಿಧಿಸುತ್ತಿದ್ದ ಅಂಕೋಲಾ ಕ್ಷೇತ್ರವು ಇಲ್ಲವಾಗಿ, ಅಂಕೋಲೆಯ ಸೀಮೆಯು ಕಾರವಾರಕ್ಕೆ ಕೂಡಿತು. ಒಂದು ಕಾಲಕ್ಕೆ ಇಬ್ಬರಿಗೆ ಕೇಳಬಹುದಾದ ಪ್ರಶ್ನೆಗಳನ್ನು ಈಗ ಒಬ್ಬರಿಗೇ ಕೇಳಬೇಕು.

ಮುಂದೆ ನಡೆದದ್ದನ್ನು ತರುಣರು ಲಕ್ಷ್ಯಪೂರ್ವಕ ಕೇಳಬೇಕು. ಮೇ ತಿಂಗಳಲ್ಲಿ ಒಂದು ಪಕ್ಷದ ಹೆಸರಿನಲ್ಲಿ ಆರಿಸಿ ಬಂದ ಶಾಸಕರು ರಾಜೀನಾಮೆ ಇತ್ತು ಆಳುವ ಪಕ್ಷವನ್ನು ಸೇರಿ ಮಂತ್ರಿಗಳಾದರು. ಡಿಸೆಂಬರದಲ್ಲಿ ಉಪಚುನಾವಣೆ ನಡೆದು ಅದೇ ಮತದಾರರು ಅವರನ್ನೇ ಇನ್ನೊಂದು ಪಕ್ಷದ ಚಿಹ್ನೆಯ ಮೇಲೆ ಆರಿಸಿದರು. 2010ರಲ್ಲಿ ಆ ಪಕ್ಷದ ಬಂಡಾಯ ಶಾಸಕರ ಜೊತೆಗೆ ಅವರನ್ನೂ ಸಭಾಧ್ಯಕ್ಷರು ಅನರ್ಹಗೊಳಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಕಾಯದೆಯ ದೃಷ್ಟಿಯಿಂದ ಇದೆಲ್ಲ ಹೇಗೇ ಇರಲಿ, ಪಕ್ಷ ಬದಲಿಸುವ ಮುಂಚೆ ಯಾವ ಊರಿನ ಚಾವಡಿಯಲ್ಲಿಯಾದರೂ ಮತದಾರರನ್ನು ಕೂಡಿಸಿ ಕೇಳಿದ್ದುಂಟೇ? ಕೇಳದೆ ಇದ್ದದ್ದಕ್ಕೆ ನಾವು ಲೆಕ್ಕ ಕೇಳಿದೆವೇ?

2013ರಲ್ಲಿ ಮತದಾರನು ಪಕ್ಷಗಳೆಲ್ಲವನ್ನೂ ಬದಿಗಿರಿಸಿ ಸ್ವತಂತ್ರರಾದ ಸತೀಶ ಸೈಲ್ ಅವರನ್ನು ಆರಿಸಿದನು. 2018ರಲ್ಲಿ ಭಾರತೀಯ ಜನತಾ ಪಕ್ಷದ ರೂಪಾಲಿ ನಾಯ್ಕ ಅವರು 60,339 ಮತ ಪಡೆದು ಗೆದ್ದರು. ಜಾತ್ಯತೀತ ಜನತಾದಳದಿಂದ ನಿಂತ ಆನಂದ ಅಸ್ನೋಟಿಕರ ಅವರಿಗೆ 46,275, ಕಾಂಗ್ರೆಸ್ಸಿನಿಂದ ನಿಂತ ಸೈಲ್ ಅವರಿಗೆ 45,071 ಮತಗಳು. ಸೋತ ಇಬ್ಬರ ಮತ ಕೂಡಿಸಿದರೆ 91,346 ಆಗುವದು. 2023ರಲ್ಲಿ ಸೈಲ್ ಅವರಿಗೆ 77,445, ರೂಪಾಲಿ ನಾಯ್ಕ ಅವರಿಗೆ 75,307. ಅಂತರವು 2,138. ಅಂದರೆ 1,070 ಜನರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲವೇ ಬೇರೆಯಾಗುತ್ತಿತ್ತು. ಒಂದು ದೊಡ್ಡ ಕೇರಿಯ ಜನರು ಸಾಕು.

ಈ ಅಂಕಿಗಳಿಂದ ಕಾಣುವ ಸಂಗತಿಯೇನು? 1999ರ ತರುವಾಯ ನಡೆದ ಯಾವ ಸಾರ್ವತ್ರಿಕ ಚುನಾವಣೆಯಲ್ಲಿಯೂ ಕಾರವಾರವು ಕುಳಿತ ಶಾಸಕರನ್ನು ತಿರುಗಿ ಆರಿಸಿಲ್ಲ. 2004, 2008, 2013, 2018, 2023: ಐದು ಸಲ ನಡೆಯಿತು, ಐದು ಸಲವೂ ಬದಲು. ಯಾವ ಪಕ್ಷಕ್ಕೂ, ಯಾವ ಮನೆತನಕ್ಕೂ ಈ ಕ್ಷೇತ್ರವು ಉಂಬಳಿಯಲ್ಲ. ಇದು ಅಭಿಮಾನ ಪಡತಕ್ಕ ಸಂಗತಿ ನಿಜ. ಆದರೆ ಐದು ವರ್ಷಕ್ಕೊಮ್ಮೆ ಆಳನ್ನು ಬದಲಿಸುವ ಯಜಮಾನನು ನಡುವಿನ ದಿನಗಳಲ್ಲಿ ಹೊಲದ ಬದುವಿಗೂ ಹೋಗದಿದ್ದರೆ ಬೆಳೆ ಬರುವದೆಂತು?

ಕೇಳದೆ ಉಳಿದ ಪ್ರಶ್ನೆಗಳು

ಈ ಸೀಮೆಯು ದೇಶಕ್ಕಾಗಿ ಕೊಟ್ಟಷ್ಟನ್ನು ಬೇರೆ ಸೀಮೆಗಳು ಕೊಟ್ಟಿರುವದು ವಿರಳ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟುಗಳಿಗೆ ಊರುಗಳನ್ನು ಕೊಟ್ಟೆವು. ಕೈಗಾದ ಅಣುವಿದ್ಯುತ್ ಕೇಂದ್ರಕ್ಕೆ ಕಾಡು ಕೊಟ್ಟೆವು. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲೆ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿದ ಮನೆ, ಗದ್ದೆ, ಬಲೆ ಒಣಗಿಸುವ ದಂಡೆ ಎಲ್ಲವನ್ನೂ ಬಿಟ್ಟೆದ್ದವು. ರೈಲುದಾರಿಗೆ, ಹೆದ್ದಾರಿಗೆ ಮತ್ತಷ್ಟು. ದೇಶದ ರಕ್ಷಣೆಗೆ ಕೊಡಲಾರೆವೆಂದು ಯಾರೂ ಹೇಳಲಿಲ್ಲ. ಆದರೆ ಕೊಟ್ಟ ನೆಲದ ಪರಿಹಾರಕ್ಕಾಗಿ ದಶಕಗಳ ವರೆಗೆ ಕೋರ್ಟಿನ ಮೆಟ್ಟಲು ಹತ್ತಿದ ಮುದುಕರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವರು ಹಣ ಬರುವ ಮುನ್ನವೇ ಕಣ್ಣು ಮುಚ್ಚಿದರು.

2010ರಲ್ಲಿ ಬೇಲೇಕೇರಿ ಬಂದರದಲ್ಲಿ ಜಪ್ತಿ ಮಾಡಿ ಇಟ್ಟ ಲಕ್ಷಗಟ್ಟಲೆ ಟನ್ನು ಕಬ್ಬಿಣದ ಅದಿರು ಮಾಯವಾಯಿತು. ಆ ಸಂಬಂಧದ ಮೊಕದ್ದಮೆಗಳಲ್ಲಿ 2024ರ ಅಕ್ಟೋಬರದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ನಮ್ಮ ಕ್ಷೇತ್ರದ ಶಾಸಕರಾದ ಸೈಲ್ ಅವರಿಗೆ ಶಿಕ್ಷೆ ವಿಧಿಸಿತು. ನವೆಂಬರದಲ್ಲಿ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ತಪ್ಪು ಒಪ್ಪುಗಳ ನಿರ್ಣಯವು ನ್ಯಾಯಾಲಯದ ಕೆಲಸ; ಅದರಲ್ಲಿ ನಾನು ಬಾಯಿ ಹಾಕುವದಿಲ್ಲ. ನಾನು ಕೇಳುವದು ಇಷ್ಟೇ: ನಮ್ಮ ಕಣ್ಣೆದುರಿನ ಬಂದರದಿಂದ ಹಡಗುಗಳಲ್ಲಿ ತುಂಬಿ ಹೋದ ವಸ್ತುವಿನ ಸುದ್ದಿಯನ್ನು ನಾವು ಬೆಂಗಳೂರಿನ ಪತ್ರಿಕೆಗಳಿಂದ ಓದಿ ತಿಳಿಯಬೇಕಾಯಿತೇ?

2020ರ ಜನವರಿಯಲ್ಲಿ ಕಾರವಾರ ಬಂದರದ ವಿಸ್ತಾರದ ಕೆಲಸದಿಂದ ತಮ್ಮ ಕಡಲದಂಡೆ ಹೋಗುವದೆಂದು ಮೀನುಗಾರರು, ಹೆಂಗಸರು ಮಕ್ಕಳಾದಿಯಾಗಿ, ಬೀದಿಗೆ ಇಳಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಬಂದು ಚಹದ ಅಂಗಡಿಯ ಕುಟುಂಬವೂ ದಾರಿಹೋಕರೂ ಪ್ರಾಣ ಕಳೆದುಕೊಂಡರು. ಮೂರು ವಾರಕ್ಕೆ ಇಲ್ಲಿ ಸೇತುವೆ ಬಿದ್ದಿತು. ಪ್ರತಿಯೊಂದು ಸಲವೂ ನಮ್ಮ ಪ್ರಶ್ನೆ ಬಂದದ್ದು ಅನಾಹುತದ ಮರುದಿನ.

ಒಮ್ಮೆ ಅಂಕೋಲೆಯ ಪೇಟೆಯಲ್ಲಿ ಮತ ಕೇಳಲು ಬಂದ ತರುಣನೊಬ್ಬನಿಗೆ ಮೀನು ಮಾರುವ ಮುದುಕಿಯೊಬ್ಬಳು ಬುಟ್ಟಿಯಿಂದ ತಲೆ ಎತ್ತದೆಯೇ, “ತಮ್ಮಾ, ಹೋದ ಸಲ ನಿನ್ನವರಿಗೆ ಒಂದು ಮಾತು ಹೇಳಿದ್ದೆ. ಅದೇನಾಯಿತು ಎಂದು ಮೊದಲು ಕೇಳಿಕೊಂಡು ಬಾ. ಹೊಸ ಮಾತು ಆಮೇಲೆ ಆಡೋಣ” ಎಂದಳು. ಆ ತರುಣನು ಕರಪತ್ರವನ್ನು ಕೈಯಲ್ಲಿಯೇ ಹಿಡಿದುಕೊಂಡು ಮುಂದೆ ನಡೆದನು. ಪ್ರಜಾಪ್ರಭುತ್ವದ ಶಾಸ್ತ್ರವನ್ನು ಇದಕ್ಕಿಂತ ಸರಳವಾಗಿ ಹೇಳಿದ್ದನ್ನು ನಾನು ಯಾವ ಸಭೆಯಲ್ಲಿಯೂ ಕೇಳಿಲ್ಲ.

ಇನ್ನು ಮಾಡತಕ್ಕದ್ದು

ಬರಿಯ ಉಪದೇಶದಿಂದ ಹೊಟ್ಟೆ ತುಂಬುವದಿಲ್ಲ. ಆದ ಕಾರಣ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬುದನ್ನು ತಿಳಿಯಿರಿ. ರಾಷ್ಟ್ರೀಯ ಹೆದ್ದಾರಿ, ನೌಕಾನೆಲೆ, ಕೈಗಾ, ರೈಲು, ಇವು ಕೇಂದ್ರ ಸರಕಾರದವು. ಇವುಗಳ ಲೆಕ್ಕವನ್ನು ಲೋಕಸಭೆಯ ಸದಸ್ಯರಲ್ಲಿ ಕೇಳಿರಿ. ಆಸ್ಪತ್ರೆ, ಶಾಲೆ, ಕಾರವಾರದ ಬಂದರ, ಕುಡಿಯುವ ನೀರು, ಕಂದಾಯದ ಕಚೇರಿ, ಇವು ರಾಜ್ಯದವು, ಶಾಸಕರಲ್ಲಿ ಕೇಳಿರಿ. ನಾವು ಹೆದ್ದಾರಿಯ ಹೊಂಡಕ್ಕಾಗಿ ಶಾಸಕರನ್ನೂ ಗಟಾರಕ್ಕಾಗಿ ಲೋಕಸಭಾ ಸದಸ್ಯರನ್ನೂ ಬೈಯುತ್ತಿರುವ ವರೆಗೆ ಇಬ್ಬರೂ ಒಬ್ಬರ ಕಡೆಗೆ ಒಬ್ಬರು ಬೆರಳು ತೋರಿಸಿ ಸುಖವಾಗಿರುವರು.

ಎರಡನೆಯದು, ಶಾಸಕರ ಕೆಲಸವೇನೆಂಬುದನ್ನು ಅರಿಯಿರಿ. ಮದುವೆ ಮುಂಜಿಗಳಿಗೆ ಬಂದು ಹೋಗುವದು ಅವರ ಕೆಲಸವಲ್ಲ. ಸದನದಲ್ಲಿ ಲಿಖಿತ ಪ್ರಶ್ನೆಯನ್ನು ಕೇಳಿದರೆ ಮಂತ್ರಿಯು ಉತ್ತರ ಕೊಡಲೇಬೇಕು. ಆ ಉತ್ತರವು ದಾಖಲೆಯಾಗಿ ಉಳಿಯುವದು. ಸೇತುವೆಯನ್ನು ಯಾವ ದಿನ ಪರೀಕ್ಷಿಸಿದರೆಂಬ ಒಂದು ಸಾಲಿನ ಪ್ರಶ್ನೆಯು ನೂರು ಮನವಿಗಳಿಗಿಂತ ಮೇಲು. ಪ್ರತಿಯೊಬ್ಬ ಶಾಸಕರಿಗೂ ತಮ್ಮ ಕ್ಷೇತ್ರದ ಅಭಿವೃದ್ಧಿಗೆ ವರ್ಷಕ್ಕೆ 2 ಕೋಟಿ ರೂಪಾಯಿಗಳ ನಿಧಿಯುಂಟು. ನಮ್ಮ ಊರಿನ ಪಾಲಿಗೆ ಅದರಲ್ಲಿ ಏನು ಬಂತೆಂಬುದನ್ನು ಕೇಳುವ ಹಕ್ಕು ನಮಗಿದೆ. 2005ರ ಮಾಹಿತಿ ಹಕ್ಕಿನ ಕಾಯದೆಯು ಅದಕ್ಕೆ ದಾರಿ ಮಾಡಿಕೊಟ್ಟಿರುವದು.

ಮೂರನೆಯದು, ಉಮೇದುವಾರನು ನಾಮಪತ್ರದೊಡನೆ ಕೊಡುವ ಪ್ರಮಾಣಪತ್ರವನ್ನು ಓದಿರಿ. ಅವನ ಆಸ್ತಿ, ಸಾಲ, ಅವನ ಮೇಲಿನ ಮೊಕದ್ದಮೆಗಳು, ಅವನ ವಿದ್ಯೆ ಎಲ್ಲವೂ ಅದರಲ್ಲಿರುವವು. ಹೆಣ್ಣು ಕೊಡುವಾಗ ಮನೆತನ ವಿಚಾರಿಸುತ್ತೇವೆ, ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ. ಐದು ವರ್ಷ ನಮ್ಮ ಹೆಸರಿನಲ್ಲಿ ಮಾತನಾಡುವವನ ಕಾಗದವನ್ನು ಓದುವದಕ್ಕೆ ಒಂದು ಗಳಿಗೆ ಇಲ್ಲವೇ? ಓದಬಲ್ಲವರು ಓದಿ, ಓದಲಾರದವರಿಗೆ ಹೇಳಿರಿ. ಕೊಂಕಣಿಯಲ್ಲಿ ಹೇಳಬೇಕಾದವರಿಗೆ ಕೊಂಕಣಿಯಲ್ಲಿ ಹೇಳಿರಿ.

ನಾಲ್ಕನೆಯದು ಬಹಳ ಸುಲಭವಾದದ್ದು. ಪ್ರತಿಯೊಂದು ಊರಿನಲ್ಲಿ ಒಂದು ವಹಿಯನ್ನು ಇಡಿರಿ. ಚುನಾವಣೆಯ ಮೊದಲು ಊರೆಲ್ಲ ಕೂಡಿ ಐದೇ ಪ್ರಶ್ನೆಗಳನ್ನು ಬರೆಯಿರಿ. ಬಂದ ಉಮೇದುವಾರರೆಲ್ಲರಿಗೂ ಅವನ್ನೇ ಕೇಳಿ ಅವರ ಉತ್ತರವನ್ನು ಅವರ ಎದುರಿಗೇ ಬರೆಯಿರಿ. ಗೆದ್ದವರನ್ನು ವರ್ಷಕ್ಕೊಮ್ಮೆ ಕರೆದು ಆ ಪುಟವನ್ನು ಓದಿ ಹೇಳಿರಿ. ಹಾರ ತುರಾಯಿ ಬೇಡ, ಘೋಷಣೆ ಬೇಡ, ಬೈಗುಳವೂ ಬೇಡ. ಬರೆದದ್ದನ್ನು ಓದಿದರೆ ಸಾಕು. ಮತಕ್ಕಾಗಿ ನೋಟು ಹಿಡಿದವನ ಹೆಸರಿನಲ್ಲಿ ಮಾತ್ರ ಆ ವಹಿಯಲ್ಲಿ ಪ್ರಶ್ನೆ ಬರೆಯಲಾಗದು. ಅವನು ತನ್ನ ಪ್ರಶ್ನೆಯನ್ನು ಮೊದಲೇ ಮಾರಿಕೊಂಡಿರುವನು.

ಇದರಿಂದ ಏನಾದೀತೆಂದು ಕೆಲವರು ನಗಬಹುದು. ಅಂಥವರಿಗೆ 2,138 ಎಂಬ ಅಂಕಿಯನ್ನು ನೆನಪಿಸಿರಿ. ಇಷ್ಟು ಸಣ್ಣ ಅಂತರದಿಂದ ಗೆಲ್ಲುವ, ಸೋಲುವ ಉಮೇದುವಾರರು ನಾಲ್ಕು ಊರುಗಳ ಐದು ಪ್ರಶ್ನೆಗಳನ್ನು ತಿರಸ್ಕರಿಸುವ ಧೈರ್ಯ ಮಾಡಲಾರರು. ಅನ್ಯ ಕ್ಷೇತ್ರಗಳಲ್ಲಿ ಇಲ್ಲದ ಬಲವು ನಮ್ಮಲ್ಲಿದೆ. ಅದನ್ನು ಸಿಟ್ಟು ತೀರಿಸಿಕೊಳ್ಳುವದಕ್ಕಷ್ಟೇ ಬಳಸಿದ್ದೇವೆ.

ಬಂಧುಗಳೇ, 1989ರಿಂದ ಹದಿನೆಂಟು ವರ್ಷ ತುಂಬಿದವರಿಗೂ ಮತವಿದೆ. ನಿಮ್ಮ ಮುತ್ತಜ್ಜನಿಗೆ ಕಂದಾಯದ ಪಾವತಿ ತೋರಿಸದೆ ಸಿಗದಿದ್ದದ್ದು, ನಿಮ್ಮ ಮುತ್ತಜ್ಜಿಯ ಸ್ವಂತ ಹೆಸರಿಗೆ ಬರೆಯದಿದ್ದದ್ದು, ನಿಮಗೆ ಹದಿನೆಂಟು ತುಂಬಿದ್ದರಿಂದಲೇ ದೊರೆತಿದೆ. ಕನ್ನಡ ಜಿಲ್ಲೆಗಳು ಒಂದಾಗಬೇಕೆಂದು ಹಿರಿಯರು ಹೆಣಗಿದ್ದು ದೂರದ ಮೂಲೆಯ ಜನರ ಮಾತೂ ತಮ್ಮದೇ ಸಭೆಯಲ್ಲಿ ಕೇಳಿಬರಲೆಂಬ ಸಲುವಾಗಿ. ಸಭೆಯೇನೋ ದೊರೆಯಿತು, ಸ್ಥಾನವೂ ಇದೆ. ಮಾತನ್ನು ಒದಗಿಸಬೇಕಾದವರು ನಾವು.

ಈ ಸಭೆ ಮುಗಿದ ಬಳಿಕ ನೀವು ಹೊಳೆಯ ದಂಡೆಯಿಂದಲೇ ಮನೆಗೆ ಹೋಗುವಿರಿ. ಸೇತುವೆ ಇದ್ದ ಸ್ಥಳವನ್ನು ಒಂದು ಗಳಿಗೆ ನಿಂತು ನೋಡಿರಿ. ಮನೆ ಮುಟ್ಟಿದ ಮೇಲೆ ವಹಿಯ ಮೊದಲನೆಯ ಪುಟದಲ್ಲಿ ಮೊದಲನೆಯ ಪ್ರಶ್ನೆಯನ್ನು ಬರೆಯಿರಿ. ಇಷ್ಟನ್ನು ಮಾಡುವಿರೆಂದು ನಂಬಿದ್ದೇನೆ.